ಬಿಲ್ಲುಗಾರನೋ, ಬಿಲ್ಲಾಳೋ? ಒಂದು ಪದದ ಬೆನ್ನು ಹತ್ತಿದ ನನ್ನ ಅನುಭವ

ನಾನು ಭಾನುವಾರ ಬೆಳಗ್ಗೆ ಮೈಸೂರಿನ ಹೊರವಲಯದ ಒಂದು ಶಾಲೆ ಮೈದಾನದಲ್ಲಿ ಮಕ್ಕಳಿಗೆ ಬಿಲ್ಲು ಹಿಡಿಯುವುದನ್ನು ಕಲಿಸುತ್ತೇನೆ. ದೊಡ್ಡ ಅಕಾಡೆಮಿ ಏನಲ್ಲ. ಹದಿನಾಲ್ಕು ಮಕ್ಕಳು, ಏಳು ಬಿದಿರಿನ ಬಿಲ್ಲು, ಹುಲ್ಲು ತುಂಬಿದ ಮೂರು ಗುರಿಹಲಗೆ. ಬಿದಿರಿನದು ಅಂದರೆ ಆಟಿಕೆ ಅಂತ ತಿಳಿಯಬೇಡಿ. ನಮ್ಮ ದೇಶದ ಪಂದ್ಯಗಳಲ್ಲಿ ಇಂಡಿಯನ್ ರೌಂಡ್ ಅಂತ ಒಂದು ವಿಭಾಗವೇ ಇದೆ. ಅದರಲ್ಲಿ ಇಂಥದೇ ಬಿಲ್ಲು.

ಹೋದ ವರ್ಷ ಮಕ್ಕಳಿಗಾಗಿ ಹನ್ನೆರಡು ಪುಟದ ಒಂದು ಕೈಪಿಡಿ ಬರೆಯೋಣ ಅಂತ ಕೂತೆ. ಕನ್ನಡದಲ್ಲೇ ಇರಬೇಕು ಅಂತ ಆಸೆ. ಮೊದಲ ವಾಕ್ಯಕ್ಕೇ ಸಿಕ್ಕಿಕೊಂಡೆ. ‘ಒಳ್ಳೆಯ ಆರ್ಚರ್ ಮೊದಲು ತನ್ನ ಕಾಲು ನೋಡಿಕೊಳ್ಳುತ್ತಾನೆ’ ಅಂತ ಬರೆಯಬೇಕಿತ್ತು. ಆರ್ಚರ್ ಬದಲು ಏನು ಹಾಕಲಿ? ಪತ್ರಿಕೆಗಳಲ್ಲಿ ‘ಬಿಲ್ಲುಗಾರ’ ಅಂತ ಬರುತ್ತದೆ. ಅದನ್ನೇ ಬರೆದೆ. ಮುಂದಿನ ಭಾನುವಾರ ಮಕ್ಕಳ ಮೇಲೆ ಪರೀಕ್ಷೆ ಮಾಡಿದೆ.

“ಬಿಲ್ಲುಗಾರ ಅಂದ್ರೆ ಯಾರು ಹೇಳ್ರೋ?”

ಹಿಂದಿನಿಂದ ಒಬ್ಬ ತಟ್ಟನೆ ಹೇಳಿದ: “ಕರೆಂಟ್ ಬಿಲ್ಲು ಕೊಡೋಕೆ ಬರ್ತಾರಲ್ಲ ಸಾರ್, ಅವರು.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಏಳನೇ ಕ್ಲಾಸಿನ ಒಬ್ಬ ಹುಡುಗಿ ಮಾತ್ರ ನಗಲಿಲ್ಲ. “ಹಾಗಾದ್ರೆ ನಾನು ಯಾರು ಸಾರ್? ಬಿಲ್ಲುಗಾರ್ತಿನಾ? ಮಾಟಗಾತಿ ಥರ ಕೇಳುತ್ತೆ,” ಅಂದಳು.

ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲ ಅಂತ ಒಪ್ಪಿಕೊಳ್ಳುವುದು ಬಿಟ್ಟು ರೀಲು ಬಿಟ್ಟೆ. “ನೋಡಿ, ಬಾಗುತ್ತೆ ಅಲ್ವಾ, ಅದಕ್ಕೇ ಬಿಲ್ಲು. ಬಾಗು ಅನ್ನೋದರಿಂದ ಬಂದ ಪದ,” ಅಂದೆ. ಮಕ್ಕಳು ತಲೆಯಾಡಿಸಿದರು. ಮೊಮ್ಮಗನನ್ನು ಕರೆದುಕೊಂಡು ಬಂದಿದ್ದ ಒಬ್ಬ ಹಿರಿಯರು ಬೇವಿನ ಮರದ ಕೆಳಗೆ ಕೂತಿದ್ದರು. ನಿವೃತ್ತ ಕನ್ನಡ ಮೇಷ್ಟ್ರು. ಕ್ಲಾಸು ಮುಗಿದ ಮೇಲೆ ನಿಧಾನಕ್ಕೆ ಹತ್ತಿರ ಬಂದು ಕೇಳಿದರು: “ಹಾಗಾದ್ರೆ ಬಾಗಿಲೂ ಬಾಗುತ್ತಾ ಮೇಷ್ಟ್ರೇ?”

ಕಿವಿ ಬಿಸಿಯಾಯಿತು. ಆದರೆ ಈ ಕೆಲಸವನ್ನು ನಾನು ಸರಿಯಾಗಿ ಶುರು ಮಾಡಿದ್ದು ಆ ಪ್ರಶ್ನೆಯಿಂದಲೇ.

ಅವರು ಹೇಳಿಕೊಟ್ಟ ದಾರಿ ಬಹಳ ಸರಳ. “ಪದದ ಒಳಗೆ ಕಥೆ ಹುಡುಕಬೇಡಿ. ಅದರ ಅಕ್ಕತಂಗಿಯರನ್ನು ಹುಡುಕಿ. ಅವರ ಮುಖ ನೋಡಿದರೆ ತಾಯಿ ಯಾರು ಅಂತ ಗೊತ್ತಾಗುತ್ತೆ.” ಅಂದರೆ ತಮಿಳು, ಮಲಯಾಳ, ತೆಲುಗು, ತುಳುವಿನಲ್ಲಿ ಬಿಲ್ಲಿಗೆ ಏನಂತಾರೆ ಅಂತ ಮೊದಲು ಬರೆದುಕೊಳ್ಳಬೇಕು.

ಮೂರು ಪುಸ್ತಕ ಇಟ್ಟುಕೊಂಡೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಹಾಕಿದ ಕಿಟೆಲರ ನಿಘಂಟು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ದೊಡ್ಡ ನಿಘಂಟು. ಬರೋ ಮತ್ತು ಎಮೆನೊ ಇಬ್ಬರೂ ಸೇರಿ ಮಾಡಿದ ದ್ರಾವಿಡ ಭಾಷೆಗಳ ಪದಮೂಲ ಕೋಶ; ಅದರ ಎರಡನೇ ಆವೃತ್ತಿ 1984ರದು. ಮೂರನ್ನೂ ಲೈಬ್ರರಿಯಲ್ಲಿ ಕೂತು ನೋಡಬಹುದು. ಮನೆಗೆ ಬೇಕು ಅಂತೇನಿಲ್ಲ.

ಸಿಕ್ಕಿದ್ದು ಇಷ್ಟು. ತಮಿಳಿನಲ್ಲಿ ವಿಲ್. ಮಲಯಾಳದಲ್ಲಿ ವಿಲ್ಲ್. ತೆಲುಗಿನಲ್ಲಿ ವಿಲ್ಲು. ತುಳುವಿನಲ್ಲಿ ಬಿರು, ಬಿಲ್ಲು. ದೂರದ ಗೊಂಡಿಯಲ್ಲೂ ಇದೇ ಪದ ಇದೆ. ಇನ್ನೂ ದೂರ, ಬಲೂಚಿಸ್ತಾನದ ಬ್ರಾಹುಯಿ ಅನ್ನುವ ದ್ರಾವಿಡ ಭಾಷೆಯಲ್ಲೂ ಇದೇ ಬೇರಿನ ಮಾತಿದೆ. ಅಂದರೆ ಇದು ಯಾವುದರಿಂದಲೋ ಒಡೆದು ಮಾಡಿದ ಪದ ಅಲ್ಲ. ಬಹಳ ಹಳೆಯ, ಇಡಿಯಾದ ಒಂದು ಪದ. ಬಿಲ್ಲು ಅಂದರೆ ಬಿಲ್ಲು ಅಷ್ಟೇ.

ನಮ್ಮದರಲ್ಲಿ ವ ಯಾಕೆ ಬ ಆಯಿತು? ಇದನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಮಕ್ಕಳಿಗೆ ತೋರಿಸಿದೆ. ತಮಿಳಿನ ವಾಯ್ ನಮ್ಮ ಬಾಯಿ. ವೇರ್ ನಮ್ಮ ಬೇರು. ವಿರಲ್ ನಮ್ಮ ಬೆರಳು. ವಳೈ ನಮ್ಮ ಬಳೆ. ವೆಲ್ಲಂ ನಮ್ಮ ಬೆಲ್ಲ. ‘ವಾ’ ಅಂತ ಅವರು ಕರೆದರೆ ನಾವು ‘ಬಾ’ ಅಂತೀವಿ. ಪದದ ಮೊದಲಲ್ಲಿ ವ ಇದ್ದರೆ ಕನ್ನಡದಲ್ಲಿ ಬ ಆಗುವುದು ನಿಯಮ. ನನ್ನ ಮಾನ ಕಳೆದ ಬಾಗಿಲು ಕೂಡ ತಮಿಳಿನಲ್ಲಿ ವಾಯಿಲ್. ಬಾಯಿ ಇರುವ ಕಡೆ ಬಾಗಿಲು. ಬಾಗುವುದಕ್ಕೂ ಅದಕ್ಕೂ ನಂಟಿಲ್ಲ.

ಒಂದು ಮಜಾ ಏನೆಂದರೆ, ಕಳೆದುಹೋದ ವ ಪೂರ್ತಿ ಹೋಗಿಲ್ಲ. ಹಳೆಯ ಕಾವ್ಯದಲ್ಲಿ ಮನ್ಮಥನಿಗೆ ‘ಕಬ್ಬುವಿಲ್ಲ’ ಅಂತಾರೆ. ಕಬ್ಬಿನ ಬಿಲ್ಲು ಹಿಡಿದವನು. ಇಲ್ಲಿ ಬಿಲ್ಲು ಮತ್ತೆ ‘ವಿಲ್ಲ’ ಆಗಿದೆ. ಸ್ಕೂಲಿನಲ್ಲಿ ಆದೇಶ ಸಂಧಿ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ. ಆಗ ಅದು ಮಾರ್ಕಿನ ವಿಷಯ ಆಗಿತ್ತು. ಈಗ ಹಳೆಯ ಗೆಳೆಯ ಸಿಕ್ಕಿದ ಹಾಗಾಯಿತು.

ಇನ್ನು ಕರೆಂಟ್ ಬಿಲ್ಲಿನ ವಿಷಯ. ಅದು ತಮಾಷೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ ನನಗೆ ಬಹಳ ಇಷ್ಟವಾದ ಸಂಗತಿ ಸಿಕ್ಕಿದ್ದು ಅಲ್ಲೇ.

ಹಳಗನ್ನಡದಲ್ಲಿ ನಮ್ಮ ಪದ ಬರೀ ‘ಬಿಲ್’. ಕೊನೆಗೆ ಉ ಇಲ್ಲ. ಕಲ್, ಪಲ್, ಮುಳ್, ಕಣ್, ಕಾಲ್, ಪಾಲ್, ಎಲ್ಲವೂ ಹಾಗೇ ಇದ್ದವು. ಆಮೇಲೆ ಕನ್ನಡದ ನಾಲಿಗೆಗೆ ಕೊನೆಯಲ್ಲಿ ಒಂದು ಉ ಬೇಕು ಅನ್ನಿಸಿತು. ಆ ಉ ಸೇರುವಾಗ ಒಂದು ಲೆಕ್ಕ ಇತ್ತು. ಮುಂಚಿನ ಸ್ವರ ಗಿಡ್ಡ ಇದ್ದರೆ ಕೊನೆಯ ಅಕ್ಷರ ಒತ್ತಾಗುತ್ತದೆ: ಕಲ್ಲು, ಹಲ್ಲು, ಮುಳ್ಳು, ಕಣ್ಣು, ಬಿಲ್ಲು. ಉದ್ದ ಇದ್ದರೆ ಒತ್ತಿಲ್ಲ: ಕಾಲು, ಹಾಲು. ಈಗ ಇಂಗ್ಲಿಷಿನಿಂದ ಬಂದ ಪದಗಳನ್ನು ನೋಡಿ. ಬಸ್ಸು, ಪೆನ್ನು, ಬಿಲ್ಲು. ಆದರೆ ಕಾರು, ರೈಲು. ಅದೇ ಲೆಕ್ಕ! ಯಾರೂ ಕಲಿಸಿಲ್ಲ. ವ್ಯಾಕರಣದ ಹೆಸರು ಕೇಳದ ನಮ್ಮಜ್ಜಿಯೂ ‘ಬಸ್ಸು’ ಅಂತಲೇ ಹೇಳುತ್ತಿದ್ದರು, ‘ಕಾರ್ರು’ ಅಂತ ಒಮ್ಮೆಯೂ ಹೇಳಲಿಲ್ಲ. ಅರ್ಜುನನ ಬಿಲ್ಲೂ ಕರೆಂಟಿನ ಬಿಲ್ಲೂ ಎಲ್ಲೆಲ್ಲಿಂದಲೋ ಬಂದವು, ಕನ್ನಡದ ಒಂದೇ ಹೊಸ್ತಿಲು ದಾಟಿ ಒಂದೇ ರೂಪ ಪಡೆದವು. ಆ ಹುಡುಗ ಮಾಡಿದ್ದು ಜೋಕ್ ಅಲ್ಲ, ಒಳ್ಳೆ ಭಾಷಾಶಾಸ್ತ್ರ ಅಂತ ಅವನಿಗೆ ಹೇಳಿದೆ. ಅವನು ನಂಬಲಿಲ್ಲ.

ಬಿಲ್ಲು ಮುಗಿಯಿತು. ಉಳಿದದ್ದು ‘ಗಾರ’. ತೊಡಕು ಇದ್ದದ್ದು ಇಲ್ಲೇ.

ಗಾರ ಸಂಸ್ಕೃತದ ‘ಕಾರ’ದಿಂದ ಬಂದದ್ದು. ಕಾರ ಅಂದರೆ ಮಾಡುವವನು. ಕುಂಭಕಾರ ನಮ್ಮಲ್ಲಿ ಕುಂಬಾರ ಆದ. ಹದಿಮೂರನೇ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಇಂಥ ಪ್ರತ್ಯಯಗಳಿಗೆ ತದ್ಧಿತ ಅಂತ ಬೇರೆ ಪ್ರಕರಣವನ್ನೇ ಇಟ್ಟಿದ್ದಾನೆ. ಅಂದರೆ ಬಿಲ್ಲುಗಾರ ಅನ್ನುವುದು ಜೋಡೆತ್ತಿನ ಗಾಡಿ. ಒಂದು ಎತ್ತು ದ್ರಾವಿಡದ್ದು, ಇನ್ನೊಂದು ಸಂಸ್ಕೃತದ್ದು. ಅದರಲ್ಲಿ ತಪ್ಪೇನಿಲ್ಲ. ಕನ್ನಡದ ಅರ್ಧ ಮನೆಗಳಲ್ಲಿ ಇಂಥದೇ ಗಾಡಿ.

ನನಗೆ ತಲೆ ತಿಂದದ್ದು ಬೇರೆ. ಗಾರ ಸೇರಿಸಿದರೆ ಆ ಮನುಷ್ಯ ಏನು ಮಾಡುತ್ತಾನೆ ಅಂತ ತಿಳಿಯುವುದಿಲ್ಲ. ಬಳೆಗಾರ ಬಳೆ ತೊಡುವುದಿಲ್ಲ, ಮಾರುತ್ತಾನೆ. ಮದ್ದಳೆಗಾರ ಮದ್ದಳೆ ಮಾರುವುದಿಲ್ಲ, ಬಾರಿಸುತ್ತಾನೆ. ಮೋಸಗಾರ ಮೋಸ ಮಾಡುತ್ತಾನೆ. ಸಾಲಗಾರ ಸಾಲ ಮಾಡಿಕೊಂಡು ಒದ್ದಾಡುತ್ತಾನೆ. ಹಾಗಾದರೆ ಬಿಲ್ಲುಗಾರ ಬಿಲ್ಲು ಮಾಡುವವನೋ, ಮಾರುವವನೋ, ಹೂಡುವವನೋ? ನಮಗೆ ಬಿಲ್ಲು ಮಾಡಿಕೊಡುವ ಒಬ್ಬ ಮುದುಕರಿದ್ದಾರೆ. ಬಿದಿರನ್ನು ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಿ, ಸೀಳಿ, ಬೆಂಕಿಯ ಕಾವಿನಲ್ಲಿ ಬಗ್ಗಿಸುತ್ತಾರೆ. ಅವರನ್ನು ಬಿಲ್ಲುಗಾರ ಅನ್ನದೆ ನನ್ನನ್ನು ಅನ್ನುವುದು ಯಾವ ನ್ಯಾಯ? ಇಂಗ್ಲಿಷಿನವರು ಇದಕ್ಕೆ ಎರಡು ಪದ ಮಾಡಿಕೊಂಡಿದ್ದಾರೆ. ಮಾಡುವವನು ಬೋಯರ್, ಬಿಡುವವನು ಆರ್ಚರ್.

ಆ ಆರ್ಚರ್ ಕೂಡ ಇಂಗ್ಲಿಷಿನ ಸ್ವಂತ ಆಸ್ತಿ ಅಲ್ಲ. ಲ್ಯಾಟಿನ್ನಿನ ‘ಆರ್ಕಸ್’, ಅಂದರೆ ಬಿಲ್ಲು, ಹಳೆಯ ಫ್ರೆಂಚಿನ ಮೂಲಕ ಬಂತು. ಕಟ್ಟಡದ ಆರ್ಚ್ ಕೂಡ ಅದೇ ಮನೆಯದು. ಗ್ರೀಕರ ಬಿಲ್ಲು ‘ಟಾಕ್ಸಾನ್’. ಬಾಣಕ್ಕೆ ಸವರುವ ವಿಷಕ್ಕೆ ಅದರಿಂದಲೇ ಹೆಸರು ಬಂತು. ಇವತ್ತು ಹುಡುಗರು ಮಾತೆತ್ತಿದರೆ ‘ಟಾಕ್ಸಿಕ್’ ಅಂತಾರಲ್ಲ, ಅದರ ಒಳಗೂ ಒಂದು ಬಿಲ್ಲಿದೆ. ಇಂಗ್ಲಿಷಿನ ಕಡೆ ನಾನು ಇದಕ್ಕಿಂತ ಜಾಸ್ತಿ ಹೋಗಲಿಲ್ಲ. ನನಗೆ ಬೇಕಿದ್ದದ್ದು ಹನ್ನೆರಡು ಪುಟದ ಕನ್ನಡ ಕೈಪಿಡಿ.

ಸಂಸ್ಕೃತದ ಕಡೆ ತಿರುಗಿದೆ. ಅಮರಕೋಶದ ಕ್ಷತ್ರಿಯವರ್ಗದಲ್ಲಿ ಒಂದೇ ಉಸಿರಿಗೆ ಆರು ಹೆಸರು ಸಿಗುತ್ತವೆ: ಧನ್ವೀ, ಧನುಷ್ಮಾನ್, ಧಾನುಷ್ಕ, ನಿಷಂಗೀ, ಅಸ್ತ್ರೀ, ಧನುರ್ಧರ. ಮೊದಲ ಸಲ ಓದಿದಾಗ ಆರೂ ಒಂದೇ ಅನ್ನಿಸಿತು. ಬಿಡಿಸಿ ನೋಡಿದರೆ ಹಾಗಲ್ಲ. ನಾಲ್ಕು ಧನುಸ್ಸಿನ ಮೇಲೆ ನಿಂತಿವೆ. ನಿಷಂಗ ಅಂದರೆ ಬತ್ತಳಿಕೆ, ಆದ್ದರಿಂದ ನಿಷಂಗೀ ಬತ್ತಳಿಕೆ ಕಟ್ಟಿದವನು. ಅಸ್ತ್ರ ಅಂದರೆ ಎಸೆಯುವ ಆಯುಧ. ಕೈಯಲ್ಲಿ ಹಿಡಿದೇ ಕಡಿಯುವುದು ಶಸ್ತ್ರ. ಅಸ್ತ್ರ ಉಳ್ಳವನು ಅಸ್ತ್ರೀ. ಇದನ್ನು ಆ ಹುಡುಗಿಗೆ ಹೇಳಿದರೆ, “ಸ್ತ್ರೀ ಅಲ್ಲದವರು ಅ-ಸ್ತ್ರೀ ಅಂತಲಾ ಸಾರ್?” ಅಂದಳು. ಆ ಪದವನ್ನು ಅಲ್ಲಿಗೇ ಕೈಬಿಟ್ಟೆ.

ಇದರಿಂದ ಒಂದು ಉಪಯೋಗ ಆಯಿತು. ಪದ ಸಿಕ್ಕಾಗಲೆಲ್ಲ ‘ಇದು ಯಾವುದನ್ನು ನೋಡಿ ಇಟ್ಟ ಹೆಸರು?’ ಅಂತ ಕೇಳುವ ಅಭ್ಯಾಸ ಬಂತು. ಬಿಲ್ಲನ್ನು ನೋಡಿ ಇಟ್ಟದ್ದು ಬಿಲ್ಲುಗಾರ, ಧನ್ವೀ, ಆರ್ಚರ್. ಬಾಣವನ್ನು ನೋಡಿ ಇಟ್ಟದ್ದು ಫಾರಸಿಯ ತೀರಂದಾಜ್, ಹಿಂದಿ ಮರಾಠಿಯವರು ಈಗಲೂ ಬಳಸುವುದು. ತೀರ್ ಅಂದರೆ ಬಾಣ, ಅಂದಾಜ್ ಅಂದರೆ ಎಸೆಯುವವನು. ಗೋಲಂದಾಜ ಅಂದರೆ ಗುಂಡು ಹಾರಿಸುವವನು, ಅದೂ ಹೀಗೇ ಆದದ್ದು. ಕೈಯನ್ನು ನೋಡಿ ಇಟ್ಟದ್ದು ಸವ್ಯಸಾಚಿ. ಸವ್ಯ ಅಂದರೆ ಎಡ. ಎಡಗೈಯಲ್ಲೂ ಬಾಣ ಬಿಡಬಲ್ಲ ಅರ್ಜುನ. ನಮ್ಮಲ್ಲಿ ಒಬ್ಬ ಎಡಚ ಹುಡುಗ ಇದ್ದಾನೆ. ಎಡಗೈಯಲ್ಲಿ ಊಟ ಮಾಡಬೇಡ ಅಂತ ಮನೆಯಲ್ಲಿ ದಿನಾ ಬೈಗುಳ. ಅವನಿಗೆ ಈ ಪದ ಹೇಳಿಕೊಟ್ಟೆ. ಆ ವಾರ ಅವನು ಬಿಟ್ಟ ಬಾಣಗಳು ಎಂದಿನ ಹಾಗೇ ಹುಲ್ಲಿನ ಮೇಲೇ ಬಿದ್ದವು, ಆದರೆ ನಿಲ್ಲುವ ಭಂಗಿ ಬದಲಾಯಿತು.

ಈ ಹುಡುಕಾಟದಲ್ಲಿ ತುಂಬಾ ಜೋಪಾನವಾಗಿ ನಡೆಯಬೇಕಾದ ಜಾಗ ಒಂದು ಬಂತು. ಪುತ್ತೂರಿನ ಕಡೆಯ ಗೆಳೆಯನೊಬ್ಬ, “ಬಿಲ್ಲವ ಅಂದ್ರೂ ಬಿಲ್ಲಿನವನೇ ಅಲ್ವಾ ಮಾರಾಯ?” ಅಂತ ಕೇಳಿದ. ಬಿಲ್ಲವರು ತುಳುನಾಡಿನ ಒಂದು ಸಮುದಾಯ; ಅವರಲ್ಲಿ ಅನೇಕರ ಹಿಂದಿನ ಕಸುಬು ಶೇಂದಿ ಇಳಿಸುವುದು. ಪದದ ಮಟ್ಟಿಗೆ ಅದು ಚೆನ್ನಾಗಿ ಕೂಡುತ್ತದೆ. ತುಳುವಿನಲ್ಲಿ ಬಿಲ್ಲಿಗೆ ಬಿರು, ಬಿಲ್ಲವರಿಗೆ ಬಿರುವೆರ್. ಎರಡು ಭಾಷೆಯಲ್ಲೂ ಬಿಲ್ಲು ಮತ್ತು ಹೆಸರು ಜೊತೆಜೊತೆಗೇ ಹೋಗುತ್ತವೆ. ಹಿಂದಿನ ಅರಸರು ಇವರನ್ನು ಬಿಲ್ಲಾಳುಗಳಾಗಿ ಇಟ್ಟುಕೊಂಡಿದ್ದರು, ಅದಕ್ಕೇ ಈ ಹೆಸರು ಅಂತ ಜಿಲ್ಲೆಯಲ್ಲಿ ಜನ ಹೇಳುತ್ತಿದ್ದ ಮಾತನ್ನು ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ಸಂಪುಟಗಳಲ್ಲಿ ದಾಖಲಿಸಿದ್ದಾರೆ. ಜೊತೆಗೇ ಅದಕ್ಕೆ ಬೇರೆ ಪುರಾವೆ ಇಲ್ಲ ಅನ್ನುವ ಅಂದಿನ ಅಧಿಕಾರಿಗಳ ಮಾತೂ ಇದೆ. ನನಗೆ ಆ ಅಧಿಕಾರಿಗಳ ಮಾತೇ ಕೊನೆ ಅಂತ ಅನ್ನಿಸುವುದಿಲ್ಲ. ತಾಳೆಮರದ ಶೇಂದಿ ಲೆಕ್ಕ ಬರೆಯಲು ಬಂದವರು ಪಾಡ್ದನ, ಅಂದರೆ ತುಳುವಿನ ಕಥೆ ಹೇಳುವ ಹಾಡು, ಎಷ್ಟು ಕೇಳಿದ್ದರು? ಇನ್ನೊಂದು ಕಡೆ, ಗರಡಿಗಳಲ್ಲಿ ಪೂಜೆಗೊಳ್ಳುವ, ಬಿಲ್ಲವರ ಅವಳಿ ವೀರರಾದ ಕೋಟಿ ಚೆನ್ನಯರ ಕೈಯಲ್ಲಿ ಇರುವುದು ಸುರಿಯ ಅನ್ನುವ ಕಿರುಗತ್ತಿ, ಬಿಲ್ಲಲ್ಲ. ಪದದ ಮೂಲ ಒಂದು, ಜನರ ಚರಿತ್ರೆ ಇನ್ನೊಂದು. ಒಂದನ್ನು ಹಿಡಿದು ಇನ್ನೊಂದಕ್ಕೆ ತೀರ್ಪು ಕೊಡಬಾರದು ಅಂತ ಗೆಳೆಯನಿಗೆ ಹೇಳಿದೆ. “ಅದು ಸರಿ, ಆದ್ರೆ ನಮ್ಮ ಹೆಸರಲ್ಲಿ ಬಿಲ್ಲು ಉಂಟಲ್ಲ, ಅಷ್ಟು ಸಾಕು,” ಅಂದ.

ಇಷ್ಟೆಲ್ಲ ಆದಮೇಲೂ ಬಾಣ ಬಿಡುವ ಕ್ರಿಯೆಗೆ ಕನ್ನಡದ್ದೇ ಒಂದು ಪದ ಇರಬೇಕಲ್ಲ ಅನ್ನಿಸುತ್ತಿತ್ತು. ಇದೆ. ಹಳಗನ್ನಡದ ‘ಎಸು’. ಭೂತಕಾಲದಲ್ಲಿ ‘ಎಚ್ಚನು’. ಅವನು ಎಚ್ಚನು ಅಂದರೆ ಬಾಣ ಬಿಟ್ಟ. ಬಿಡುವ ಕೆಲಸಕ್ಕೆ ‘ಎಸುಗೆ’. ತಮಿಳಿನ ‘ಎಯ್’ ಇದರ ಅಕ್ಕ. ನಾವು ಈಗ ಕಸ ಎಸೆಯುವುದೂ ಇದೇ ಪದದಿಂದ. ಬಾಣದಿಂದ ಕಸಕ್ಕೆ ಇಳಿಯಿತಲ್ಲ ಅಂತ ಬೇಜಾರಾಯಿತು. ಆಮೇಲೆ ಕ್ರಿಕೆಟ್ ನೆನಪಾಯಿತು. ಕನ್ನಡ ಪತ್ರಿಕೆಗಳಲ್ಲಿ ಬೌಲರ್ ಹಾಕುವ ಚೆಂಡಿಗೆ ‘ಎಸೆತ’ ಅಂತಾರೆ. ಇಂಗ್ಲೆಂಡಿನ ವೇಗದ ಬೌಲರ್ ಜೋಫ್ರಾ ಆರ್ಚರ್ ಹೆಸರಿನಲ್ಲಿ ಬಿಲ್ಲು, ಕೆಲಸದಲ್ಲಿ ಎಸೆತ. ಮಕ್ಕಳಿಗೆ ಇಡೀ ಪಾಠದಲ್ಲಿ ನೆನಪಿರುವುದು ಇದೊಂದೇ.

ಹೀಗೆ ನಾಲ್ಕು ತಿಂಗಳು ಹೋಯಿತು. ಕೈಪಿಡಿಯ ಮೊದಲ ವಾಕ್ಯ ಹಾಗೇ ಖಾಲಿ. ಕೊನೆಗೆ ನಾನು ಆರಿಸಿದ್ದು ‘ಬಿಲ್ಲಾಳು’.

ಕಾರಣ ಹೇಳುತ್ತೇನೆ. ಹಳೆಯ ಕಾವ್ಯಗಳ ಯುದ್ಧದ ವರ್ಣನೆಗಳಲ್ಲಿ ಬರುವ ಪದ ಇದು. ಎರಡೂ ಎತ್ತು ನಮ್ಮವೇ. ತಮಿಳು ಮಲಯಾಳದ ‘ವಿಲ್ಲಾಳಿ’ಗೆ ಹತ್ತಿರ. ಗಂಡು ಹೆಣ್ಣು ಅನ್ನುವ ಭೇದ ಇಲ್ಲ. ಒಬ್ಬ ಹುಡುಗಿ ಬಿಲ್ಲಾಳು, ಒಬ್ಬ ಹುಡುಗನೂ ಬಿಲ್ಲಾಳು. ಮಾಡುವವನೋ ಮಾರುವವನೋ ಅನ್ನುವ ಗೊಂದಲವೂ ಇಲ್ಲ. ಬಿಲ್ಲು ಮಾಡಿಕೊಡುವ ನಮ್ಮ ಮುದುಕರಿಗೆ ಬಿಲ್ಲುಗಾರ ಅನ್ನುವ ಹೆಸರು ಮೀಸಲಾಗಿ ಉಳಿಯಿತು. ಕಲಿಸುವವರಿಗೂ ಹಳೆಯ ಮಾತೊಂದಿದೆ, ‘ಬಿಲ್ಲೋಜ’. ಓಜ ಅನ್ನುವುದು ಉಪಾಧ್ಯಾಯ ಸವೆದು ಸವೆದು ಆದದ್ದು. ಅದನ್ನು ನನಗೆ ನಾನೇ ಹಾಕಿಕೊಳ್ಳಲು ನಾಚಿಕೆಯಾಗಿ ಬಿಟ್ಟೆ. ದ್ರೋಣನಂಥವರಿಗೆ ಸಲ್ಲುವ ಮಾತು ಅದು. ಏಳು ಬಿದಿರುಬಿಲ್ಲಿನ ಮೇಷ್ಟ್ರಿಗೆ ಜಾಸ್ತಿಯಾಯಿತು.

ಅಚ್ಚಾಗಿ ಬಂದ ಮೊದಲ ವಾರವೇ ಒಬ್ಬ ತಾಯಿ ಕೈಪಿಡಿ ಹಿಡಿದು ಬಂದರು. ಅದೇ ಹುಡುಗಿಯ ತಾಯಿ. “ಏನ್ ಸಾರ್, ನಮ್ಮ ಮಗಳನ್ನ ಆಳು ಅಂತ ಬರೆದಿದ್ದೀರಲ್ಲ? ನಾವು ತೋಟದ ಕೆಲಸ ಮಾಡಿಸೋಕೆ ಕಳಿಸ್ತಿದ್ದೀವಾ?”

ನನಗೆ ಇದು ಹೊಳೆದೇ ಇರಲಿಲ್ಲ. ಕೂಲಿಯಾಳು, ಮನೆಯಾಳು, ಜೀತದಾಳು. ಈಗಿನ ಕಿವಿಗೆ ಆಳು ಅಂದರೆ ಬರುವುದು ಇವೇ. ಹಳಗನ್ನಡದಲ್ಲಿ ಆಳ್ ಅಂದರೆ ಯೋಧ, ಆಳ್ತನ ಅಂದರೆ ಪರಾಕ್ರಮ ಅಂತ ನಿಘಂಟು ತೆಗೆದು ತೋರಿಸಿದೆ. ಅವರು ನಿಘಂಟು ನೋಡಲಿಲ್ಲ, ನನ್ನ ಮುಖ ನೋಡಿದರು. ಆಗ ಮಗಳೇ ಕೈಹಾಕಿದಳು. “ಅಮ್ಮ, ಚೆಸ್‌ನಲ್ಲಿ ಕಾಲಾಳು ಇಲ್ವಾ? ಕೊನೆ ಮನೆಗೆ ಹೋದ್ರೆ ಅದೇ ರಾಣಿ ಆಗುತ್ತೆ.” ತಾಯಿ ಏನೂ ಹೇಳಲಿಲ್ಲ. ಎರಡನೇ ಸಲ ಅಚ್ಚು ಹಾಕಿಸುವಾಗ ಅಡಿಯಲ್ಲಿ ಒಂದು ಸಾಲು ಸೇರಿಸಿದೆ: ‘ಇಲ್ಲಿ ಆಳು ಅಂದರೆ ವೀರ.’ ವಿವರಣೆ ಕೊಡಬೇಕಾದ ಪದ ಅರ್ಧ ಸೋತ ಪದ ಅಂತ ಮರದ ಕೆಳಗಿನ ಮೇಷ್ಟ್ರು ಗೊಣಗಿದರು. ಅವರ ಮಾತು ಸುಳ್ಳಲ್ಲ. ಆದರೂ ಬಿಟ್ಟುಕೊಡಲಿಲ್ಲ.

ಮೈದಾನದಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಕರೆಯುವಾಗ ಈಗಲೂ ಆರ್ಚರ್ ಅಂತಲೇ ಕರೆಯುತ್ತಾರೆ. ಸಿಟ್ಟು ಬಂದರೆ ಮಾತ್ರ ಬಿಲ್ಲಾಳು. “ಏ ಬಿಲ್ಲಾಳು, ನನ್ನ ಬಾಣ ಯಾಕೆ ತಗೊಂಡೆ?” ಹಾಜರಿ ಪುಸ್ತಕದ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ‘ಬಿಲ್ಲಾಳುಗಳು’ ಅಂತ ಬರೆದಿಟ್ಟಿದ್ದೇನೆ. ಅದರ ಮುಂದೆ ಯಾರೋ ಪೆನ್ಸಿಲಿನಲ್ಲಿ ಸಣ್ಣಗೆ ‘ಕರೆಂಟ್’ ಅಂತ ಸೇರಿಸಿದ್ದಾರೆ. ಅಕ್ಷರ ಯಾರದು ಅಂತ ಗೊತ್ತು. ಅಳಿಸಿಲ್ಲ.